ಗಾಡಿ ಯಾರ ಹೆಸರಿಲೆ ಅದ?

ನನ್ನ ಅಕ್ಷರ ದುಂಡಗಿದ್ದವು. ಅದೊಂದೇ ಕಾರಣಕ್ಕೆ ಚಂದ್ರಂಪಳ್ಳಿ ಸುತ್ತಲಿನ ಊರು, ತಾಂಡಾಗಳಲ್ಲಿ ಮುರಿದ ಮದುವೆಗಳ ಕಾಗದ ಬರೆಯುವ ಕೆಲಸ ನನ್ನ ಕೊರಳಿಗೆ ಬಿತ್ತು. ಹಗಲು ಸಾಲಿ ಮಾಸ್ತರ, ಸಂಜೆಗೆ ಸೋಡಚೀಟಿ ಬರೆಯುವವ. ಹನುಮಾನ ಗುಡಿ ಕಟ್ಟೆಯ ಮೇಲೆ ಹಿರಿಯರು ಮಾತು ಮುಗಿಸುತ್ತಿದ್ದರು, ನಾನು ಬಾಂಡ್ ಪೇಪರಿನ ಮೇಲೆ ತಾಮ್ರದ ಕೊಡ ಎರಡು, ಕಬ್ಬಿಣದ ಪಲ್ಲಂಗ ಒಂದು ಎಂದು ಬರೆದುಕೊಳ್ಳುತ್ತಿದ್ದೆ. ಯಾರು ಯಾರನ್ನು ಯಾಕೆ ಬಿಟ್ಟರು ಎಂಬುದು ಆ ಕಾಗದದಲ್ಲಿ ಎರಡು ಸಾಲು, ಸಾಮಾನಿನ ಯಾದಿ ಎರಡು ಪುಟ. ಭಾಂಡೆಯ ತಂಟೆ ಚಹಾ ಬರುವುದರೊಳಗೆ ಮುಗಿಯುತ್ತಿತ್ತು. ಗಾಲಿ ಇರುವ ಸಾಮಾನಿನ ಹೆಸರು ಬಂತೆಂದರೆ ಯಾರಾದರೂ ಎದ್ದು ಹೋಗಿ ಕಂದೀಲು ತರಬೇಕಾಗುತ್ತಿತ್ತು.

ಗಾಲಿಗಿಂತ ಮೊದಲು ಕಾಲು ಇದ್ದವು. ಡ್ಯಾಮಿನ ಆಚೆಗಿನ ತಾಂಡಾದ ಮುದುಕ ನಾಯಕನೊಬ್ಬ ಹೇಳುತ್ತಿದ್ದ: ಅವನ ಅಪ್ಪನ ಕಾಲಕ್ಕೆ ಗಂಡಿನ ಕಡೆಯವರೇ ತೆರ ಕೊಡಬೇಕು, ಅದೂ ಎತ್ತಿನ ಲೆಕ್ಕದಲ್ಲಿ. ಎತ್ತಿನ ಬೆನ್ನ ಮೇಲೆ ಉಪ್ಪು, ಕಾಳುಕಡಿ ಹೇರಿಕೊಂಡು ದೇಶ ತಿರುಗಿದ ಲಂಬಾಣಿ ಜನಕ್ಕೆ ಎತ್ತೇ ರೊಕ್ಕ. ಹೆಣ್ಣುಮಗಳು ಗಂಡನನ್ನು ಬಿಟ್ಟು ಬಂದರೆ ನಾಯಕ, ಕಾರಭಾರಿ ಕೂತು ತೆರ ತಿರುಗಿಸುತ್ತಿದ್ದರು. ಕೊಟ್ಟ ಎತ್ತು ಅಷ್ಟರೊಳಗೆ ಮುದಿಯಾಗಿದ್ದರೆ? “ಹಲ್ಲು ನೋಡಿ ಕಡಿತಾ ಮಾಡತಿದ್ವಿ” ಎಂದ. ಯಾವ ಎತ್ತು ಯಾರದೆಂದು ತಾಂಡಾಕ್ಕೆಲ್ಲ ಗೊತ್ತಿರುತ್ತಿತ್ತು, ಅದಕ್ಕೆ ಕಾಗದ ಬೇಕಿರಲಿಲ್ಲ. ಆ ಹೆಣ್ಣುಮಗಳನ್ನು ಏನಾದರೂ ಕೇಳುತ್ತಿದ್ದಿರೋ ಎಂದೆ. ಅವನು ಬೀಡಿ ಹಚ್ಚಿಕೊಂಡ.

ನಾನು ಬರೆಯಲು ಕೂತ ಕಾಲಕ್ಕೆ ದಿಕ್ಕು ತಿರುಗಿತ್ತು. ಈಗ ಹೆಣ್ಣಿನ ಮನೆಯಿಂದ ಗಂಡಿನ ಮನೆಗೆ ಸಾಮಾನು ಹೊರಡುತ್ತಿತ್ತು: ಸೈಕಲ್, ವಾಚು, ರೇಡಿಯೊ. ವರದಕ್ಷಿಣೆ ನಿಷೇಧ ಕಾಯ್ದೆ 1961ರಲ್ಲೇ ಬಂದಿತ್ತು. ನಮ್ಮಲ್ಲಿ ಅದಕ್ಕೆ ವರೋಪಚಾರ ಎಂದು ಹೆಸರಿಟ್ಟು ಕೈ ತೊಳೆದುಕೊಂಡಿದ್ದರು. ನಾನು ಬರೆದ ಮೊದಲ ಗಾಲಿ ಜಗಳ ಸೈಕಲ್ಲಿನದು, 1980ರ ದಶಕದ ಕೊನೆಯ ಮಾತು. ಹುಡುಗ ಸೈಕಲ್ ತಂದು ಕಟ್ಟೆಗೆ ಆನಿಸಿದ. ಹುಡುಗಿಯ ಕಾಕಾ ಸುತ್ತು ಹಾಕಿ ನೋಡಿ, “ಡೈನಮೋ ಎಲ್ಲಿ?” ಎಂದ. ಕೊಟ್ಟಾಗ ಇರಲೇ ಇಲ್ಲವೆಂದು ಹುಡುಗನ ಕಡೆಯವರು ಗುಡಿಯ ಕಡೆ ಕೈ ಮಾಡಿದರು. ಮದುವೆಯಲ್ಲಿ ತೆಗೆಸಿದ ಫೋಟೊ ಬಂತು, ಫೋಟೊದಲ್ಲಿ ಡೈನಮೋ ಇತ್ತು. ಅದು ಹುಡುಗನ ತಮ್ಮನ ಸೈಕಲ್ಲಿಗೆ ಏರಿತ್ತು. ಬಿಚ್ಚಿ ತರುವ ತನಕ ಯಾರೂ ಏಳಲಿಲ್ಲ. ಹುಡುಗಿ ಗುಡಿಯ ಹಿಂದೆ ಅವ್ವನ ಜೊತೆ ಕೂತಿದ್ದಳು. ಅವಳಿಗೆ ಸೈಕಲ್ ಹೊಡೆಯಲು ಬರುತ್ತಿರಲಿಲ್ಲ. ಮರುವಾರದಿಂದ ಅವಳ ತಮ್ಮ ಅದರ ಮೇಲೆ ಚಿಂಚೋಳಿ ಹೈಸ್ಕೂಲಿಗೆ ಹೋದ.

ವಾಡಿ, ಶಹಾಬಾದ ಕಡೆಯ ಮಾತೇ ಬೇರೆ. ಅಲ್ಲಿ ಸಿಮೆಂಟ್ ಫ್ಯಾಕ್ಟರಿ, ಎ.ಬಿ.ಎಲ್., ತಿಂಗಳಿಗೊಮ್ಮೆ ಪಗಾರ. ನೌಕರಿಯ ವರ ಎಂದರೆ ಬಜಾಜ್ ಸ್ಕೂಟರಿಗೆ ಕಮ್ಮಿ ಮಾತಿಲ್ಲ. ಆಗ ಸ್ಕೂಟರ್ ಬೇಕೆಂದರೆ ವರ್ಷಗಟ್ಟಲೆ ಕಾಯಬೇಕಿತ್ತು, ಬುಕಿಂಗ್ ಚೀಟಿಗೇ ಬೆಲೆ. ಗಾಡಿ ಬರುವ ಮೊದಲೇ ಸಂಬಂಧ ಮುರಿದು, ಚೀಟಿ ಯಾರದೆಂದು ಬಡಿದಾಡಿದ ಬೀಗರನ್ನು ಕೇಳಿ ಬಲ್ಲೆ. ಆ ಕಾಗದ ಬರೆಯುವ ಯೋಗ ನನಗೆ ಬರಲಿಲ್ಲ.

ನನಗೆ ಬಂದದ್ದು ಹೀರೋ ಹೋಂಡಾ.

ಸ್ಪ್ಲೆಂಡರ್ ಗಾಡಿ 1994ರಲ್ಲಿ ಮಾರುಕಟ್ಟೆಗೆ ಬಂತು. ನಾಲ್ಕೈದು ವರ್ಷದಲ್ಲಿ ಸೇಡಂ, ಚಿತ್ತಾಪುರ, ಚಿಂಚೋಳಿ ಎಲ್ಲ ಕಡೆ ಮದುವೆ ಮಾತುಕತೆಯ ಯಾದಿಯಲ್ಲಿ ಬಂಗಾರದ ಕೆಳಗಿನ ಸಾಲು ಅದರದೇ ಆಯಿತು. (ಹೀರೋ ಮತ್ತು ಹೋಂಡಾ ತಾವೇ 2010ರಲ್ಲಿ ಬೇರೆಯಾಗುವ ಮಾತು ಮುಗಿಸಿದವು. ಅವರ ಸೋಡಚೀಟಿ ಬರೆದವರು ನನಗಿಂತ ಜಾಣರಿರಬೇಕು.) ಸೈಕಲ್ಲಿಗೆ ಇಲ್ಲದ ಒಂದು ವಸ್ತು ಇದಕ್ಕಿತ್ತು: ಆರ್‌.ಸಿ. ಪುಸ್ತಕ. ರೊಕ್ಕ ಮಾವನದು, ತೊಗರಿ ಮಾರಿ ತಂದದ್ದು. ಹೆಸರು ಅಳಿಯನದು. “ನಮ್ ಹುಡುಗ ಹೊಡ್ಯಾಂವ, ಅಂವನ ಹೆಸರಿಲೆ ಇರ್ಲಿ ಬಿಡ್ರಿ” ಎಂದು ಬೀಗರು ಹೇಳಿದರೆ ಮದುವೆಯ ಮುಂದೆ ಯಾವ ಅಪ್ಪ ಎದುರು ಮಾತಾಡುತ್ತಾನೆ?

1999ರ ಸುಮಾರಿಗೆ ಅಂಥದೊಂದು ಜೋಡಿ ಬೇರೆಯಾಯಿತು. “ಆರ್‌.ಸಿ. ನನ್ನ ಹೆಸರಿಲೆ ಅದ, ಗಾಡಿ ನಂದು” ಎಂದ ಅಳಿಯ. “ರೊಕ್ಕ ನಂದು” ಎಂದ ಮಾವ. ವರದಕ್ಷಿಣೆಯಾಗಿ ಕೊಟ್ಟದ್ದೇನಿದ್ದರೂ ಅದು ಹೆಣ್ಣಿಗೆ ಸೇರಬೇಕು, ಬೇರೆಯವರ ಕೈಯಲ್ಲಿದ್ದರೆ ಮೂರು ತಿಂಗಳೊಳಗೆ ಅವಳಿಗೆ ಒಪ್ಪಿಸಬೇಕು ಎಂದು ಅದೇ ಕಾಯ್ದೆಯ 6ನೇ ಕಲಮು ಹೇಳುತ್ತದೆ. ಸ್ತ್ರೀಧನ ಹೆಂಡತಿಯದೇ, ಗಂಡನ ಮನೆ ಸೇರಿದ ಮಾತ್ರಕ್ಕೆ ಅದು ಜಂಟಿ ಆಸ್ತಿ ಆಗುವುದಿಲ್ಲ ಎಂದು ಪ್ರತಿಭಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1985ರಲ್ಲೇ ಹೇಳಿತ್ತು. ಇದೊಂದೂ ಕಟ್ಟೆಯ ಮೇಲಿದ್ದವರಿಗೆ ಗೊತ್ತಿರಲಿಲ್ಲ, ಬರೆಯಲು ಕೂತ ನನಗೂ ಗೊತ್ತಿರಲಿಲ್ಲ. ಗಾಡಿ ಮಾವನ ಮನೆಗೆ ಹೋಗಬೇಕು, ಅಳಿಯನ ಹಕ್ಕು ಇಲ್ಲಿಗೆ ಮುಗಿಯಿತು ಎಂದು ಹಿರಿಯರು ತೀರ್ಮಾನ ಹೇಳಿದರು. ನಾನು ದುಂಡಗೆ ಬರೆದೆ. ಐದು ಜನ ಸಹಿ ಹಾಕಿದರು, ಇಬ್ಬರು ಹೆಬ್ಬೆಟ್ಟು ಒತ್ತಿದರು. ಕೀಲಿ ಕೈ ಬದಲಾಯಿತು. ಆರ್‌.ಸಿ. ಪುಸ್ತಕವೂ ಗಾಡಿಯ ಸಂಗಡ ಹೋಯಿತು. ಅದರ ಒಳಗಿನ ಹೆಸರು ಮಾತ್ರ ಇದ್ದಂತೆ ಇತ್ತು.

ನಾಲ್ಕು ವರ್ಷದ ಮೇಲೆ ಹುಡುಗಿಯ ತಮ್ಮ ಆ ಗಾಡಿಯಿಂದ ದಾರಿಹೋಕನೊಬ್ಬನಿಗೆ ಡಿಕ್ಕಿ ಹೊಡೆದ. ವಿಮೆ ಎಂದೋ ಮುಗಿದಿತ್ತು. ಅಪಘಾತ ಪರಿಹಾರದ ನೋಟೀಸು ಹೋದದ್ದು ಹಳೆಯ ಅಳಿಯನ ಮನೆಗೆ. ಅವನು ಅಷ್ಟರಲ್ಲಿ ಇನ್ನೊಂದು ಮದುವೆಯಾಗಿ ಎರಡು ಮಕ್ಕಳ ತಂದೆ. ನನ್ನ ಕಾಗದ ಹಿಡಿದು ಕೋರ್ಟಿಗೆ ಓಡಿದ, ನನ್ನನ್ನೂ ಸಾಕ್ಷಿಗೆ ಎಳೆದುಕೊಂಡು ಹೋದ. ಎದುರು ವಕೀಲರು ನನ್ನ ಅಕ್ಷರವನ್ನು ಮೆಚ್ಚಿದರು. ಆಮೇಲೆ ಕೇಳಿದರು: “ಗಾಡಿ ಕೊಟ್ಟ ಮ್ಯಾಲೆ ಆರ್‌.ಟಿ.ಓ.ದಾಗ ಫಾರಂ 29, 30 ಕೊಟ್ಟೀರೇನು?” ಮೋಟಾರು ವಾಹನ ಕಾಯ್ದೆಯ 50ನೇ ಕಲಮಿನ ಪ್ರಕಾರ ಗಾಡಿ ಕೊಟ್ಟವನು ರಾಜ್ಯದೊಳಗಾದರೆ 14 ದಿನದಲ್ಲಿ ತಿಳಿಸಬೇಕು, ತಗೊಂಡವನು 30 ದಿನದಲ್ಲಿ. ಫಾರಂ ಎಂಬುದೊಂದು ಇದೆಯೆಂದು ನಾನು ಕೇಳಿದ್ದು ಅಂದೇ ಮೊದಲು. ಕೈಬಿಟ್ಟುಹೋದ ಗಾಡಿಗಾಗಿ ಅವನು ಹೊಲದ ಒಂದು ತುಂಡು ಮಾರಿದ. ನನ್ನನ್ನು ಬೈಯಲಿಲ್ಲ, ಆದರೆ ಎದುರು ಸಿಕ್ಕರೆ ಇವತ್ತಿಗೂ ಮಾತಾಡಿಸುವುದಿಲ್ಲ. ನವೀನ್ ಕುಮಾರ್ ಎಂಬವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನೇ 2018ರಲ್ಲಿ ಖಚಿತ ಮಾಡಿತು: ಗಾಡಿ ಎಷ್ಟು ಕೈ ದಾಟಿದ್ದರೂ ನೋಂದಣಿ ಯಾರ ಹೆಸರಿನಲ್ಲಿದೆಯೋ ಹೊಣೆ ಅವರದು. ಆ ತೀರ್ಪಿನ ಸುದ್ದಿಯನ್ನು ಪೇಪರಿನಲ್ಲಿ ನಾನು ಎರಡು ಸಲ ಓದಿದೆ.

ಸಾಕ್ಷಿ ಹೇಳಿ ಬಂದ ಮೇಲೆ ನನ್ನ ಚೀಲದಲ್ಲಿ ಆ ಎರಡು ಫಾರಂ ಸದಾ ಇರುತ್ತಿದ್ದವು. ಏಳನೆಯ ಇಯತ್ತೆಯ ಮಕ್ಕಳಿಗೂ ಹೆಸರು ಮುಚ್ಚಿ ಈ ಕತೆ ಹೇಳುತ್ತಿದ್ದೆ. ಪುಸ್ತಕದಲ್ಲಿ ಇಲ್ಲದ ಪಾಠ, ಪರೀಕ್ಷೆಗೂ ಬಾರದ್ದು. ಹಾಗಾಗಿ ಹುಡುಗರು ಕಿವಿಗೊಟ್ಟು ಕೇಳುತ್ತಿದ್ದರು.

ಆ ಇಯತ್ತೆಯಲ್ಲಿ ಮುಂದಿನ ಸಾಲಿಗೆ ಕೂಡುತ್ತಿದ್ದ ಹುಡುಗಿಯೊಬ್ಬಳು ಈಗ ಕಲಬುರಗಿಯಲ್ಲಿ ಸ್ಟಾಫ್ ನರ್ಸ್. ಗಡಿಯಾಚೆ ಜಹೀರಾಬಾದಿನ ಹುಡುಗನಿಗೆ ಕೊಟ್ಟರು. 2021ರ ಆರಂಭದಲ್ಲಿ ಬಿಳಿ ಡಿಸೈರ್ ಕಾರು ತಗೊಂಡರು. ಸಾಲ ಸಿಕ್ಕಿದ್ದು ಅವಳ ಪಗಾರ ಚೀಟಿಯ ಮೇಲೆ, ಹಾಗಾಗಿ ಕೆಎ 32 ನಂಬರು, ಅವಳ ಹೆಸರು. ಮುಂಗಡದಲ್ಲಿ ಅಪ್ಪನದೂ ಇತ್ತು. ತಿಂಗಳ ಕಂತು ಅವಳ ಖಾತೆಯಿಂದ ಹೋದರೂ ಅರ್ಧ ರೊಕ್ಕ ಗಂಡ ಫೋನಿನಲ್ಲಿ ಹಾಕುತ್ತಿದ್ದ. ಕಾರು ಹೊಡೆಯುತ್ತಿದ್ದವನು ಅವನು. ಎರಡು ವರ್ಷದ ಮೇಲೆ ಅವಳು ತವರಿಗೆ ಬಂದಳು, ಕಾರು ಜಹೀರಾಬಾದಿನಲ್ಲಿ ಉಳಿಯಿತು.

ಎತ್ತಿನ ಕಾಲದಲ್ಲಿ ಒಂದೇ ಪ್ರಶ್ನೆ ಇತ್ತು. ಇಲ್ಲಿ ಹೆಸರು ಒಬ್ಬರದು, ಮುಂಗಡ ಮತ್ತೊಬ್ಬರದು, ಕಂತು ಇಬ್ಬರದು, ಕೀಲಿ ಅವನ ಹತ್ತಿರ, ಸಾಲ ತೀರುವ ತನಕ ಫೈನಾನ್ಸ್ ಕಂಪನಿಯ ಹೆಸರೂ ಆರ್‌.ಸಿ.ಯಲ್ಲಿ. ಹಿಂದೂ ವಿವಾಹ ಕಾಯ್ದೆಯ 27ನೇ ಕಲಮು ಮದುವೆಯ ಹೊತ್ತಿಗೆ ಬಂದ ಜಂಟಿ ಉಡುಗೊರೆಗಳ ಮಾತಾಡುತ್ತದೆ, ಆಮೇಲೆ ಕೊಂಡ ಕಾರು ಅದರೊಳಗೆ ಹೊಂದುವುದಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮದುವೆಯಾದ ಮೇಲೆ ದುಡಿದು ಗಳಿಸಿದ್ದು ಇಬ್ಬರಿಗೂ ಸಮಪಾಲಂತೆ. ನಮ್ಮಲ್ಲಿ ಅಂಥ ಸೂತ್ರವಿಲ್ಲ, ಪ್ರತಿ ವಸ್ತುವಿಗೂ ಬೇರೆ ಬೇರೆ ಪುರಾವೆ ಬೇಕು. ಅವಳು ಒಂದು ಠಾಣೆಗೆ ಹೋದಳು. ಗಂಡ ಹೆಂಡಿರ ತಂಟೆ, ಸಿವಿಲ್ ಮ್ಯಾಟರ್ ಎಂದು ಕಳಿಸಿದರು. ಈಗ ಕಲಬುರಗಿಯ ಕೌಟುಂಬಿಕ ನ್ಯಾಯಾಲಯದಲ್ಲಿ ಕೇಸು ನಡೆದಿದೆ.

ಕೇಸಿಗಿಂತ ಸ್ವಾರಸ್ಯದ್ದು ಫಾಸ್ಟ್ಯಾಗ್. ಅದು ಅವಳ ಖಾತೆಯದು. ಅವನು ಹೈದರಾಬಾದಿಗೆ ಹೊರಟರೆ ಕಂಕೋಲ್ ಟೋಲ್ ದಾಟಿದ ಕೂಡಲೇ ವಾರ್ಡಿನಲ್ಲಿ ಸಲೈನ್ ಹಚ್ಚುತ್ತಿದ್ದ ಅವಳ ಫೋನು ಗುಂಯ್ ಎನ್ನುತ್ತಿತ್ತು. ಇಂಥ ದಿನ, ಇಷ್ಟು ಹೊತ್ತಿಗೆ, ಇಷ್ಟು ರೂಪಾಯಿ. ಮದುವೆಯಲ್ಲಿದ್ದಾಗ ಎಲ್ಲಿ ಹೋಗುತ್ತೇನೆಂದು ಹೇಳದವನ ಸುದ್ದಿ ಬಿಟ್ಟ ಮೇಲೆ ತಪ್ಪದೆ ಬರುತ್ತಿತ್ತು. ಮೂರು ತಿಂಗಳು ನೋಡಿ ಬಂದ್ ಮಾಡಿಸಿದಳು. ಅವನು ಟೋಲಿನಲ್ಲಿ ದುಪ್ಪಟ್ಟು ನಗದು ಕಟ್ಟಿ, ಅವಳ ಅಪ್ಪನಿಗೆ ಫೋನ್ ಮಾಡಿ ಒದರಿದ. ಅವನ ಕಷ್ಟವೂ ಸುಳ್ಳಲ್ಲ. ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟ ಗಾಡಿಗೆ ಅಲ್ಲಿನ ನಂಬರು ಮಾಡಿಸಬೇಕು, ಅದಕ್ಕೆ ಕಲಬುರಗಿಯಿಂದ ನಿರಾಕ್ಷೇಪಣಾ ಪತ್ರ ಬೇಕು, ಆ ಫಾರಂ 28ರ ಮೇಲೆ ಸಹಿ ಹಾಕಬೇಕಾದವಳು ಅವಳೇ. ಮಾರೋಣವೆಂದರೂ ಅವಳ ಸಹಿಯಿಲ್ಲದೆ ಕೊಳ್ಳುವವರಿಲ್ಲ.

ಅರ್ಧ ಕಂತು ಬರುವುದು ಎಂದೋ ನಿಂತಿದೆ. ನೀನೂ ನಿಲ್ಲಿಸು, ಫೈನಾನ್ಸಿನವರೇ ಹೋಗಿ ಗಾಡಿ ಎತ್ತಿಕೊಂಡು ಬರುತ್ತಾರೆ ಎಂದು ಅವಳ ಸೋದರಮಾವ ಉಪಾಯ ಹೇಳಿದ. “ಗಾಡಿ ಬರ್ತದ ಮಾಮಾ, ನನ್ನ ಸಿಬಿಲ್ ಹೋಗ್ತದ” ಎಂದಳು. ತಾನು ಕೂಡದ ಕಾರಿಗೆ ಕಂತು ತಾನೇ ಕಟ್ಟುತ್ತಿದ್ದಾಳೆ.

ಇಬ್ಬರಿಗೂ ಸೇರಿಸಿ ಒಂದು ಕಾಗದ ಬರೆದುಬಿಡಿ ಎಂದು ಕಳೆದ ವರ್ಷ ಎರಡೂ ಕಡೆಯ ಹಿರಿಯರು ನನ್ನ ಮನೆಗೆ ಬಂದಿದ್ದರು. ಕಣ್ಣಿಗೆ ಪೊರೆ ಬಂದಿದೆ ಎಂದು ಹೇಳಿ ಚಹಾ ಕುಡಿಸಿ ಕಳಿಸಿದೆ. ಪೊರೆ ಇರುವುದು ನಿಜ.

ಮೊನ್ನೆ ಅವಳೇ ಬಂದಿದ್ದಳು, ಅಪ್ಪನ ಹೊಲದ ಕಾಗದಕ್ಕೆ ಸಂಬಂಧಿಸಿದ ಬೇರೆ ಕೆಲಸಕ್ಕೆ. ಚೀಲದಿಂದ ಪಹಣಿ ತೆಗೆಯುವಾಗ ಇನ್ನೊಂದು ಹಾಳೆ ಕೆಳಗೆ ಬಿತ್ತು. ಕಾರಿನ ವಿಮೆ. ಹೊಸ ಕಾರಿನ ಜೊತೆ ಬಂದ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ 2024ಕ್ಕೆ ಮುಗಿದಿತ್ತು. ಅಂದಿನಿಂದ ಪ್ರತಿ ವರ್ಷ ತಾನೇ ಕಟ್ಟುತ್ತಿದ್ದಾಳೆ, ಅವನಿಗೆ ಹೇಳದೆ.

“ಅಂವ ಕಟ್ಟತಾನೋ ಇಲ್ಲೋ ಯಾರಿಗ್ಗೊತ್ತು ಸರ. ನೀವೇ ಹೇಳಿದ್ರೆಲ್ಲಾ ಸ್ಪ್ಲೆಂಡರ್ ಕತಿ” ಎಂದು ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು.