ತಿರುವಿಲ್ಲದ ಹಾದಿಯಲ್ಲಿ

146 ಕಿಲೋಮೀಟರಿಗೂ ಹೆಚ್ಚು ದೂರ ಒಂದು ತಿರುವೂ ಇಲ್ಲದ ರಸ್ತೆಯನ್ನು ನೀವು ಊಹಿಸಬಲ್ಲಿರಾ? ಪಶ್ಚಿಮ ಆಸ್ಟ್ರೇಲಿಯಾದ ಬಾಲಡೋನಿಯಾ ಮತ್ತು ಕೈಗುನಾಗಳ ನಡುವೆ ಏರ್ ಹೆದ್ದಾರಿಯ ಒಂದು ಭಾಗ ಅಂಥದು. ಅಲ್ಲಿ ನಾನೊಬ್ಬನೇ ಕಾರು ಓಡಿಸುತ್ತಿದ್ದ ದಿನ, ನಡುಹಗಲಲ್ಲಿ ಟಯರು ಒಡೆಯಿತು. ಸ್ಟೆಪ್ನಿ ಇತ್ತು, ಆದರೆ ಚಕ್ರದ ನಟ್ಟುಗಳು ಕದಲಲಿಲ್ಲ. ಮೊಬೈಲಿಗೆ ಸಿಗ್ನಲ್ ಇಲ್ಲ. ಜಪಸರವನ್ನು ಕೈಗೆತ್ತಿಕೊಂಡೆ, ನಿಜ ಹೇಳಬೇಕೆಂದರೆ, ಮಣಿಗಳಿಗಿಂತ ಬಾಟಲಿಯಲ್ಲಿ ಉಳಿದ ನೀರನ್ನೇ ಹೆಚ್ಚು ಎಣಿಸಿದೆ.

ಈ ಹೆದ್ದಾರಿಯ ಕೆಲವೆಡೆ ರಸ್ತೆಯೇ ವಿಮಾನದ ಓಡುದಾರಿ. ವೈದ್ಯರಿಲ್ಲದ ಒಳನಾಡಿನ ಜನರಿಗಾಗಿ ಪ್ರೆಸ್ಬಿಟೇರಿಯನ್ ಸಭೆಯ ಬೋಧಕ ಜಾನ್ ಫ್ಲಿನ್ ಅವರು 1928ರಲ್ಲಿ ಆರಂಭಿಸಿದ ಹಾರುವ ವೈದ್ಯರ ಸೇವೆಯ ವಿಮಾನಗಳು ತುರ್ತಿನಲ್ಲಿ ಅಲ್ಲಿಳಿಯುತ್ತವೆ. ಕಾಣದ ನೆರೆಯವನಿಗಾಗಿ ಡಾಂಬರಿನ ಮೇಲೆ ಬಳಿದ ಆ ಬಿಳಿ ಗೆರೆಗಳನ್ನು ನಾನು ಕೇವಲ ಕೌತುಕದಿಂದ ನೋಡಿ ದಾಟಿದ್ದೆ.

ಎರಡು ಗಂಟೆಗಳ ನಂತರ, ಎದುರಿನಿಂದ ಬಂದ ಸಾಲುಟ್ರೈಲರುಗಳ ಭಾರಿ ಲಾರಿಯೊಂದು ತಾನಾಗಿಯೇ ನಿಂತಿತು. ಚಾಲಕ ಸ್ಪ್ಯಾನರಿನ ಮೇಲೆ ನಿಂತು ನಟ್ಟು ಸಡಿಲಿಸಿದ. ನಾನು ನೀಡಿದ ಹಣವನ್ನು ನೋಡಲೂ ಇಲ್ಲ. ಹತ್ತುವ ಮುನ್ನ ಕೇಳಿದ: “ನೀವು ಬಂದ ದಾರಿಯಲ್ಲಿ ಯಾರಾದರೂ ನಿಂತಿದ್ದಾರೆಯೇ?”

ಬೆಳಿಗ್ಗೆ, ಬಾನೆಟ್ ತೆರೆದು ನಿಂತಿದ್ದ ಕಾರೊಂದನ್ನು ನಾನು ವೇಗ ತಗ್ಗಿಸದೆ ದಾಟಿ ಬಂದಿದ್ದೆ. “ಹೌದು,” ಎಂದೆ, ತಲೆ ತಗ್ಗಿಸಿ.