ಸ್ಪೈಡರ್‌ಮ್ಯಾನ್ ಯಾರ ಮನೆಯವನು?

ಪ್ರಿಯ ಓದುಗ ಮಿತ್ರರೇ,

ನಿಮ್ಮ ಪತ್ರ ತಲುಪಿತು. ಮಾರ್ವೆಲ್ ಸಿನಿಮಾಗಳನ್ನು ಬಿಡುಗಡೆಯಾದ ಕ್ರಮದಲ್ಲೇ ಒಂದೊಂದಾಗಿ ನೋಡುತ್ತಿದ್ದೀರಿ ಎಂದು ಓದಿ ಖುಷಿಯಾಯಿತು. ಕೊನೆಯಲ್ಲಿ ಎರಡು ಪ್ರಶ್ನೆ ಕೇಳಿದ್ದೀರಿ. ಮಿಂಚಿನಂತೆ ಓಡುವ ಕ್ವಿಕ್‌ಸಿಲ್ವರ್‌ಗೆ 2014ರ ಚಿತ್ರದಲ್ಲಿ ಒಂದು ಮುಖ, 2015ರ ಚಿತ್ರದಲ್ಲಿ ಇನ್ನೊಂದು ಮುಖ ಯಾಕೆ? ಐರನ್ ಮ್ಯಾನ್, ಥಾರ್, ಕ್ಯಾಪ್ಟನ್ ಅಮೆರಿಕಾಗೆಲ್ಲ ಸಾಲು ಸಾಲು ಚಿತ್ರಗಳಿರುವಾಗ ಹಲ್ಕ್‌ನ ಹೆಸರಿನಲ್ಲಿ 2008ರ ನಂತರ ಒಂದೂ ಸಿನಿಮಾ ಬರಲಿಲ್ಲ ಯಾಕೆ?

ಎರಡಕ್ಕೂ ಉತ್ತರ ಕತೆಯಲ್ಲಿಲ್ಲ, ಕರಾರುಪತ್ರದಲ್ಲಿದೆ. ಈ ‘ಯೂನಿವರ್ಸ್’ ಎಂಬುದನ್ನು ಯಾವನೋ ಮೇಧಾವಿ ಮೊದಲೇ ಕೂತು ಹಾಕಿದ ಮಹಾಯೋಜನೆ ಎಂದು ನಾವೆಲ್ಲ ಅಂದುಕೊಳ್ಳುತ್ತೇವೆ. ನನ್ನನ್ನು ಕೇಳಿದರೆ ಅದು ಬಡತನದಲ್ಲಿ ಹುಟ್ಟಿದ ಕೂಸು. ಬೆಲೆ ಬಾಳುವ ಪಾತ್ರಗಳನ್ನೆಲ್ಲ ಕಷ್ಟಕಾಲದಲ್ಲಿ ಪರರ ಪಾಲು ಮಾಡಿಕೊಂಡ ಕಂಪನಿಯೊಂದು, ಕೈಯಲ್ಲಿ ಉಳಿದವರನ್ನೇ ಒಟ್ಟು ಸೇರಿಸಿ ಬದುಕಿಕೊಂಡ ಕತೆ ಅದು.

ಸ್ಪೈಡರ್‌ಮ್ಯಾನ್‌ನಿಂದಲೇ ಶುರು ಮಾಡೋಣ. ಸ್ಟ್ಯಾನ್ ಲೀ ಮತ್ತು ಸ್ಟೀವ್ ಡಿಟ್ಕೊ 1962ರಲ್ಲಿ ಸೃಷ್ಟಿಸಿದ ಈ ಹುಡುಗನ ಸಿನಿಮಾ ಹಕ್ಕನ್ನು ಮಾರ್ವೆಲ್ 1985ರಲ್ಲಿ ಕ್ಯಾನನ್ ಫಿಲ್ಮ್ಸ್‌ಗೆ 2.25 ಲಕ್ಷ ಡಾಲರಿಗೆ ಕೊಟ್ಟಿತು. ಕ್ಯಾನನ್ ಎಂದರೆ ಕಡಿಮೆ ದುಡ್ಡಿನ ಹೊಡೆದಾಟದ ಚಿತ್ರಗಳಿಗೆ ಹೆಸರಾದ ಕಂಪನಿ. ಅಲ್ಲಿ ತಯಾರಾದ ಮೊದಲ ಕತೆಯಲ್ಲಿ ನಾಯಕ ಮೈತುಂಬ ಕೂದಲಿನ, ಎಂಟು ಕೈಗಳ ವಿಕಾರ ಜೀವಿಯಾಗಿ ಬದಲಾಗುತ್ತಿದ್ದ! ಪುಣ್ಯಕ್ಕೆ ಅದು ಚಿತ್ರವಾಗಲಿಲ್ಲ. ಕ್ಯಾನನ್ ಒಡೆದಾಗ ಅದರ ಯಜಮಾನರಲ್ಲೊಬ್ಬನಾದ ಮೆನಹೆಮ್ ಗೋಲನ್ ಈ ಹಕ್ಕನ್ನು ತನ್ನ ಜೊತೆ ಕೊಂಡೊಯ್ದ. ಮುಂದೆ ಟಿವಿ ಹಕ್ಕು ವಯಾಕಾಮ್‌ಗೆ, ವಿಡಿಯೊ ಹಕ್ಕು ಕೊಲಂಬಿಯಾಗೆ, ಚಿತ್ರಮಂದಿರದ ಹಕ್ಕು ಕ್ಯಾರೊಲ್ಕೊಗೆ ಎಂದು ಹುಡುಗ ಮೂರು ಪಾಲಾದ. ಕ್ಯಾರೊಲ್ಕೊಗಾಗಿ ಜೇಮ್ಸ್ ಕ್ಯಾಮರೂನ್ ಕತೆ ಬರೆದರು. ಚಿತ್ರ ಶುರುವಾಗುವ ಮೊದಲೇ ಕ್ಯಾರೊಲ್ಕೊ ದಿವಾಳಿಯಾಯಿತು. ಎಲ್ಲರೂ ಎಲ್ಲರ ಮೇಲೆ ದಾವೆ ಹೂಡಿದರು. ಈ ಗದ್ದಲದ ನಡುವೆ, 1996ರ ಡಿಸೆಂಬರಿನಲ್ಲಿ, ಮಾರ್ವೆಲ್ ಕೂಡ ದಿವಾಳಿ ಅರ್ಜಿ ಹಾಕಿತು.

ಈ ಹಕ್ಕುಗಳ ಸ್ವಭಾವವೇ ವಿಚಿತ್ರ. ಇವು ಕ್ರಯಕ್ಕಿಂತ ಹೆಚ್ಚಾಗಿ ಗೇಣಿ. ಉಳುತ್ತಿರುವಷ್ಟು ದಿನ ಹೊಲ ನಿಮ್ಮದು, ಬೀಳು ಬಿಟ್ಟರೆ ಒಡೆಯನಿಗೆ ವಾಪಸು. ಹೀಗಾಗಿ ಬೆಳೆ ಬೇಕಿಲ್ಲದವರೂ ನೇಗಿಲು ಹೂಡಬೇಕಾಗುತ್ತದೆ. ಫೆಂಟಾಸ್ಟಿಕ್ ಫೋರ್‌ನ ಹಕ್ಕು ಜರ್ಮನಿಯ ಕಾನ್‌ಸ್ಟಾಂಟಿನ್ ಫಿಲ್ಮ್ ಬಳಿ ಇತ್ತು. 1992 ಮುಗಿಯುವುದರೊಳಗೆ ಚಿತ್ರೀಕರಣ ಶುರುವಾಗದಿದ್ದರೆ ಅದು ಕೈತಪ್ಪುತ್ತಿತ್ತು. ಅಗ್ಗದ ಚಿತ್ರಗಳ ಸರದಾರ ರೋಜರ್ ಕೋರ್ಮನ್‌ನನ್ನು ಹಿಡಿದು, ಸುಮಾರು 10 ಲಕ್ಷ ಡಾಲರಿನಲ್ಲಿ, ಡಿಸೆಂಬರಿನ ಕೊನೆಯ ವಾರ ಕ್ಯಾಮೆರಾ ಚಾಲೂ ಮಾಡಿಯೇಬಿಟ್ಟರು. ನಟರು ಪ್ರಾಮಾಣಿಕವಾಗಿ ದುಡಿದರು. ಟ್ರೈಲರ್ ಕೂಡ ಬಂತು. ಕೆಲವು ನಟರು ಸ್ವಂತ ಖರ್ಚಿನಲ್ಲಿ ಊರೂರು ಸುತ್ತಿ ಪ್ರಚಾರ ಮಾಡಿದರು. ಚಿತ್ರ ಮಾತ್ರ ಬಿಡುಗಡೆಯಾಗಲೇ ಇಲ್ಲ. ಇಂದಿಗೂ ಅದು ಕಳ್ಳ ಪ್ರತಿಗಳಲ್ಲಷ್ಟೇ ಬದುಕಿದೆ.

ಮುಂದೆ ಸ್ಪೈಡರ್‌ಮ್ಯಾನ್ ಹಕ್ಕು ಕೈಸೇರಿದ ಸೋನಿಗೂ ಇಂಥದೇ ಗಡುವು. 2014ರಲ್ಲಿ ಆ ಕಂಪನಿಯ ಕಂಪ್ಯೂಟರುಗಳಿಗೆ ಕನ್ನ ಬಿದ್ದಾಗ ಹೊರಬಂದ ಕಡತಗಳಲ್ಲಿ ಸ್ಪೈಡರ್‌ಮ್ಯಾನ್ ಕರಾರೂ ಇತ್ತು. ಒಂದು ಚಿತ್ರ ಬಂದ ಮೇಲೆ ಮೂರು ವರ್ಷ ಒಂಬತ್ತು ತಿಂಗಳೊಳಗೆ ಮುಂದಿನದರ ಕೆಲಸ ಶುರುವಾಗಬೇಕು, ಐದು ವರ್ಷ ಒಂಬತ್ತು ತಿಂಗಳೊಳಗೆ ಅದು ತೆರೆಗೆ ಬರಬೇಕು. 2007ರಲ್ಲಿ ಟೋಬಿ ಮೆಗ್ವೈರ್‌ನ ಮೂರನೆಯ ಚಿತ್ರ ಬಂದಿತ್ತು. ನಾಲ್ಕನೆಯದು ಕೈಗೂಡದೇ ಹೋದಾಗ, 2012ರಲ್ಲಿ ಆಂಡ್ರ್ಯೂ ಗಾರ್‌ಫೀಲ್ಡ್‌ನನ್ನು ಇಟ್ಟುಕೊಂಡು ಅದೇ ಕತೆಯನ್ನು ಮತ್ತೆ ಮೊದಲಿನಿಂದ ಹೇಳಿದರು. ‘ಇಷ್ಟು ಬೇಗ ಇನ್ನೊಮ್ಮೆ ಯಾಕೆ?’ ಎಂದು ಆಗ ಗೊಣಗಿದವರಿಗೆ ಇಲ್ಲಿದೆ ಅರ್ಧ ಉತ್ತರ.

ಆದರೆ ಸೋನಿಗೆ ಸ್ಪೈಡರ್‌ಮ್ಯಾನ್ ಸಿಕ್ಕಿದ್ದು ಹೇಗೆ? ಪತ್ರಕರ್ತ ಬೆನ್ ಫ್ರಿಟ್ಸ್ ತಮ್ಮ ಪುಸ್ತಕದಲ್ಲಿ ಬರೆದಿರುವಂತೆ, 1998ರಲ್ಲಿ ದುಡ್ಡಿಗೆ ಪರದಾಡುತ್ತಿದ್ದ ಮಾರ್ವೆಲ್, ತನ್ನ ಬಳಿ ಉಳಿದಿದ್ದ ಬಹುತೇಕ ಎಲ್ಲ ಪಾತ್ರಗಳ ಸಿನಿಮಾ ಹಕ್ಕನ್ನೂ ಒಟ್ಟಿಗೆ 2.5 ಕೋಟಿ ಡಾಲರಿಗೆ ಕೊಡುತ್ತೇನೆ ಎಂದು ಸೋನಿಯ ಬಾಗಿಲಿಗೆ ಹೋಗಿತ್ತು. ಐರನ್ ಮ್ಯಾನ್, ಥಾರ್, ಬ್ಲ್ಯಾಕ್ ಪ್ಯಾಂಥರ್, ಎಲ್ಲರೂ ಆ ಮೂಟೆಯಲ್ಲಿದ್ದರು. ಬೇಡ, ಸ್ಪೈಡರ್‌ಮ್ಯಾನ್ ಒಬ್ಬ ಸಾಕು ಎಂದಿತು ಸೋನಿ. ಸ್ಪೈಡರ್‌ಮ್ಯಾನ್ ಮೇಲೆ ತನಗೂ ಹಕ್ಕಿದೆ ಎನ್ನುತ್ತಿದ್ದ ಎಂಜಿಎಂ ಸ್ಟುಡಿಯೊ ಜೊತೆಗಿದ್ದ ತಕರಾರೂ 1999ರಲ್ಲಿ ಬಗೆಹರಿಯಿತು. ಸೋನಿ ಜೇಮ್ಸ್ ಬಾಂಡ್ ಮೇಲಿನ ತನ್ನ ಹಕ್ಕು ಬಿಟ್ಟುಕೊಟ್ಟಿತು, ಎಂಜಿಎಂ ಸ್ಪೈಡರ್‌ಮ್ಯಾನ್ ಮೇಲಿನದನ್ನು ಬಿಟ್ಟಿತು. 2002ರಲ್ಲಿ ಸ್ಯಾಮ್ ರೈಮಿಯ ಚಿತ್ರ ಅಮೆರಿಕದಲ್ಲಿ ಮೊದಲ ವಾರಾಂತ್ಯದಲ್ಲೇ 11 ಕೋಟಿ ಡಾಲರ್ ದಾಟಿತು; ಮೂರು ದಿನದಲ್ಲಿ 10 ಕೋಟಿ ದಾಟಿದ ಮೊದಲ ಚಿತ್ರ ಅದೇ. ಎಕ್ಸ್-ಮೆನ್ ಬಳಗ ಅಷ್ಟರಲ್ಲಾಗಲೇ ಫಾಕ್ಸ್‌ನ ಪಾಲಾಗಿತ್ತು, ಹಲ್ಕ್ ಯೂನಿವರ್ಸಲ್‌ನ ಪಾಲಾಗಿದ್ದ.

ಊರೆಲ್ಲ ತನ್ನ ಮಕ್ಕಳಿಂದ ದುಡ್ಡು ಮಾಡುತ್ತಿರುವುದನ್ನು ಮಾರ್ವೆಲ್ ಎಷ್ಟು ದಿನ ನೋಡಿಕೊಂಡಿದ್ದೀತು? 2005ರಲ್ಲಿ ಮೆರಿಲ್ ಲಿಂಚ್‌ನಿಂದ 52.5 ಕೋಟಿ ಡಾಲರ್ ಸಾಲದ ಏರ್ಪಾಡು ಮಾಡಿಕೊಂಡು ತಾನೇ ಚಿತ್ರ ತೆಗೆಯಲು ಹೊರಟಿತು. ಅಡಮಾನಕ್ಕೆ ಏನಿಟ್ಟರು ಗೊತ್ತೇ? ಕ್ಯಾಪ್ಟನ್ ಅಮೆರಿಕಾ, ಬ್ಲ್ಯಾಕ್ ಪ್ಯಾಂಥರ್, ಡಾಕ್ಟರ್ ಸ್ಟ್ರೇಂಜ್, ಆಂಟ್-ಮ್ಯಾನ್, ಶಾಂಗ್-ಚಿ ಮುಂತಾದ ಹತ್ತು ಹೆಸರುಗಳ ಸಿನಿಮಾ ಹಕ್ಕು. ಚಿತ್ರಗಳು ಮಕಾಡೆ ಮಲಗಿದ್ದರೆ ಇವರೆಲ್ಲ ಸಾಲ ಕೊಟ್ಟವರ ಪಾಲು. ಐರನ್ ಮ್ಯಾನ್ ಹಕ್ಕು ನ್ಯೂ ಲೈನ್ ಎಂಬ ಸ್ಟುಡಿಯೊದಲ್ಲಿ ಧೂಳು ಹಿಡಿದು, ಅವಧಿ ಮುಗಿದು ಅದೇ ಹೊತ್ತಿಗೆ ಮರಳಿ ಬಂತು. 2008ರ ಮೇ ತಿಂಗಳಲ್ಲಿ ‘ಐರನ್ ಮ್ಯಾನ್’ ಬಂತು, ಲೋಕಾದ್ಯಂತ 58 ಕೋಟಿ ಡಾಲರಿಗೂ ಮೀರಿ ಗಳಿಸಿತು. ಮರುವರ್ಷವೇ ಡಿಸ್ನಿ ಸುಮಾರು 400 ಕೋಟಿ ಡಾಲರಿಗೆ ಇಡೀ ಮಾರ್ವೆಲ್ಲನ್ನು ಕೊಂಡಿತು.

ಆ ಚಿತ್ರದ ಕೊನೆಯ ದೃಶ್ಯ ನಿಮಗೆ ನೆನಪಿರಬಹುದು. ಹೆಸರುಗಳೆಲ್ಲ ಸರಿದುಹೋದ ಮೇಲೆ ಟೋನಿ ಸ್ಟಾರ್ಕ್‌ನ ಮನೆಯ ಕತ್ತಲಲ್ಲಿ ನಿಕ್ ಫ್ಯೂರಿ ನಿಂತಿರುತ್ತಾನೆ, ಅವೆಂಜರ್ಸ್ ಪ್ರಸ್ತಾಪ ಎತ್ತುತ್ತಾನೆ. ಅದೇ ದೃಶ್ಯದ ಇನ್ನೊಂದು ರೂಪವನ್ನೂ ಅಂದೇ ಚಿತ್ರೀಕರಿಸಿಕೊಂಡಿದ್ದರು. ಅದರಲ್ಲಿ ಫ್ಯೂರಿ ವಿಕಿರಣದ ಹುಳ ಕಚ್ಚಿದವನನ್ನೂ ಮ್ಯುಟೆಂಟ್‌ಗಳನ್ನೂ ನೆನೆದು ಗೊಣಗುತ್ತಾನೆ. ಹುಳ ಕಚ್ಚಿದವನು ಸೋನಿಯ ಸ್ಪೈಡರ್‌ಮ್ಯಾನ್, ಮ್ಯುಟೆಂಟ್‌ಗಳು ಫಾಕ್ಸ್‌ನ ಎಕ್ಸ್-ಮೆನ್. ಪರರ ಹೊಲದ ಆ ಅರ್ಧ ಸಾಲು ಹನ್ನೊಂದು ವರ್ಷ ಡಬ್ಬದಲ್ಲೇ ಕೂತಿತ್ತು. ಫಾಕ್ಸ್ ಡಿಸ್ನಿಯ ವಶವಾದ 2019ರಲ್ಲೇ ಅದನ್ನು ಹೊರಗೆ ತೋರಿಸಿದ್ದು.

ಈಗ ನಿಮ್ಮ ಕ್ವಿಕ್‌ಸಿಲ್ವರ್‌ಗೆ ಬರುತ್ತೇನೆ. ಕಾಮಿಕ್ಸ್‌ನಲ್ಲಿ ಅವನೂ ಅವನ ತಂಗಿ ವಾಂಡಾಳೂ ಮೊದಲು ಬಂದದ್ದು ಎಕ್ಸ್-ಮೆನ್‌ನ ಎದುರಾಳಿಗಳಾಗಿ, 1964ರಲ್ಲಿ. ಮರುವರ್ಷ ಅವೆಂಜರ್ಸ್ ಸೇರಿದರು. ಹೀಗಾಗಿ ಇಬ್ಬರ ಮೇಲೂ ಎರಡೂ ಸ್ಟುಡಿಯೊಗಳಿಗೆ ಹಕ್ಕಿತ್ತು, ಆದರೆ ಷರತ್ತು ಬೇರೆ ಬೇರೆ. ಫಾಕ್ಸ್‌ನವರು ಅವೆಂಜರ್ಸ್ ಹೆಸರೆತ್ತುವಂತಿಲ್ಲ. ಮಾರ್ವೆಲ್‌ನವರು ‘ಮ್ಯುಟೆಂಟ್’ ಎನ್ನುವಂತಿಲ್ಲ, ಎಕ್ಸ್-ಮೆನ್ ಕತೆಗಳ ಮ್ಯಾಗ್ನೆಟೊ ಇವರ ತಂದೆ ಎನ್ನುವಂತಿಲ್ಲ. ಅದಕ್ಕೇ ಫಾಕ್ಸ್‌ನ 2014ರ ಚಿತ್ರದಲ್ಲಿ ಇವಾನ್ ಪೀಟರ್ಸ್ ಮಾಡಿದ ಕ್ವಿಕ್‌ಸಿಲ್ವರ್ ಹುಟ್ಟು ಮ್ಯುಟೆಂಟ್, ಮಾರ್ವೆಲ್‌ನ 2015ರ ಚಿತ್ರದಲ್ಲಿ ಆರನ್ ಟೇಲರ್-ಜಾನ್ಸನ್ ಮಾಡಿದವನು ಪ್ರಯೋಗಶಾಲೆಯಲ್ಲಿ ಶಕ್ತಿ ಪಡೆದವನು. 2021ರ ‘ವಾಂಡಾವಿಷನ್’ ಸರಣಿಯಲ್ಲಿ ವಾಂಡಾಳ ಮನೆ ಬಾಗಿಲು ತಟ್ಟಿದ ‘ಅಣ್ಣ’ ಯಾರೆಂದರೆ ಅದೇ ಇವಾನ್ ಪೀಟರ್ಸ್. ಎಕ್ಸ್-ಮೆನ್ ಬಂದೇಬಿಟ್ಟರು ಎಂದು ಅಭಿಮಾನಿಗಳು ಕುಣಿದಾಡಿದರು. ಕೊನೆಗೆ ನೋಡಿದರೆ ಅವನು ಯಾರೋ ರಾಲ್ಫ್. ನಿರ್ಮಾಪಕರು ನಮ್ಮ ಕಾನೂನು ಜ್ಞಾನದ ಜೊತೆಗೇ ಚೇಷ್ಟೆ ಮಾಡಿದ್ದರು!

ಹಲ್ಕ್‌ನ ವಿಷಯ ಇನ್ನೂ ಸರಳ. ಚಿತ್ರ ತೆಗೆಯುವ ಹಕ್ಕು ಮಾರ್ವೆಲ್‌ಗೆ ಮರಳಿತು, ಆದರೆ ಹಲ್ಕ್ ಒಬ್ಬನದೇ ಚಿತ್ರ ಬಂದರೆ ಅದರ ವಿತರಣೆಯ ಮೊದಲ ಹಕ್ಕು ಯೂನಿವರ್ಸಲ್ ಬಳಿಯೇ ಉಳಿಯಿತು. ತಾನು ಬೆವರು ಸುರಿಸಿ ವಿತರಣೆಯ ಲಾಭವನ್ನು ಎದುರಾಳಿಗೆ ಕೊಡಲು ಡಿಸ್ನಿಗೇನು ಹುಚ್ಚೇ? ಹಾಗಾಗಿ ಹಲ್ಕ್ ಬೇರೆಯವರ ಚಿತ್ರಗಳಲ್ಲಿ ಅತಿಥಿಯಾದ. ‘ಥಾರ್: ರಾಗ್ನರಾಕ್’ನಲ್ಲಿ ಅವನದು ಅರ್ಧ ಚಿತ್ರದಷ್ಟು ಪಾತ್ರ, ಹೆಸರು ಮಾತ್ರ ಥಾರ್‌ನದು.

ಇದಕ್ಕಿಂತ ತಮಾಷೆಯ ಗಡಿಯೊಂದಿದೆ. 1994ರ ಒಪ್ಪಂದದಂತೆ ಫ್ಲಾರಿಡಾದ ಯೂನಿವರ್ಸಲ್ ಪಾರ್ಕಿಗೆ ಮಾರ್ವೆಲ್‌ನ ಪ್ರಮುಖ ಪಾತ್ರಗಳು ಸಿಕ್ಕಿದವು. ಅದರ ಫಲವಾಗಿ, ಮಿಸಿಸಿಪ್ಪಿ ನದಿಯ ಪೂರ್ವಕ್ಕೆ ಡಿಸ್ನಿ ತನ್ನ ಪಾರ್ಕುಗಳಲ್ಲಿ ತನ್ನದೇ ಅವೆಂಜರ್ಸ್‌ನ್ನು ನಿಲ್ಲಿಸುವಂತಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 2021ರಲ್ಲಿ ಅವೆಂಜರ್ಸ್ ಕ್ಯಾಂಪಸ್ ಕಟ್ಟಿದ ಡಿಸ್ನಿ, ಫ್ಲಾರಿಡಾದಲ್ಲಿ ಆ ಒಪ್ಪಂದಕ್ಕೆ ಸೇರದ ಗಾರ್ಡಿಯನ್ಸ್ ಆಫ್ ದಿ ಗ್ಯಾಲಕ್ಸಿಯ ರೈಡ್ ಕಟ್ಟಿ ತೃಪ್ತಿಪಟ್ಟುಕೊಂಡಿತು. ಬ್ರಹ್ಮಾಂಡ ಕಾಯುವ ವೀರರನ್ನು ಒಂದು ನದಿ ತಡೆದಿದೆ.

ಜಗಳಗಳ ನಡುವೆ ಕೊಡುಕೊಳ್ಳುವಿಕೆಯೂ ನಡೆದಿದೆ. ‘ಡೆಡ್‌ಪೂಲ್’ ಚಿತ್ರಕ್ಕಾಗಿ ಒಂದು ಪಾತ್ರದ ಶಕ್ತಿಯನ್ನು ಬದಲಿಸಲು ಫಾಕ್ಸ್‌ಗೆ ಮಾರ್ವೆಲ್‌ನ ಒಪ್ಪಿಗೆ ಬೇಕಿತ್ತು. ಬದಲಿಗೆ ಮಾರ್ವೆಲ್ ಕೇಳಿದ್ದು ಈಗೋ ಎಂಬ ಜೀವಂತ ಗ್ರಹವನ್ನು. 2017ರ ಗಾರ್ಡಿಯನ್ಸ್ ಚಿತ್ರದಲ್ಲಿ ಕರ್ಟ್ ರಸೆಲ್ ಮಾಡಿದ ಪಾತ್ರ ಅದೇ. ಸೋನಿ ಕೂಡ 2015ರಲ್ಲಿ ರಾಜಿಗೆ ಬಂದು, ಟಾಮ್ ಹಾಲೆಂಡ್‌ನ ಸ್ಪೈಡರ್‌ಮ್ಯಾನ್ ಅವೆಂಜರ್ಸ್ ಮನೆಗೆ ಹೋಗಿಬಂದು ಮಾಡುವಂತಾಯಿತು. 2019ರ ಆಗಸ್ಟ್‌ನಲ್ಲಿ ಲಾಭದ ಲೆಕ್ಕದಲ್ಲಿ ಅದು ಮುರಿದುಬಿತ್ತು. ಆಗ ಹಾಲೆಂಡ್ ಫೋನಿನಲ್ಲಿ ತನ್ನ ಜೊತೆ ಮಾತಾಡುತ್ತಾ ಗದ್ಗದಿತನಾದ ಎಂದು ಡಿಸ್ನಿಯ ಬಾಬ್ ಐಗರ್ ಟಿವಿಯಲ್ಲಿ ಹೇಳಿಕೊಂಡರು. ಸೆಪ್ಟೆಂಬರಿನಲ್ಲಿ ಮತ್ತೆ ಒಪ್ಪಂದವಾಯಿತು. ಖರ್ಚಿನಲ್ಲೂ ಲಾಭದಲ್ಲೂ ಡಿಸ್ನಿಗೆ ಕಾಲು ಪಾಲು ಎಂದು ವರದಿಯಾಯಿತು. ಅದೇ ವರ್ಷ ಡಿಸ್ನಿ 7,130 ಕೋಟಿ ಡಾಲರಿಗೆ ಫಾಕ್ಸ್‌ನ ಸಿನಿಮಾ ವ್ಯವಹಾರವೂ ಸೇರಿದಂತೆ ಬಹುಪಾಲು ಆಸ್ತಿಯನ್ನು ಕೊಂಡಾಗ ಎಕ್ಸ್-ಮೆನ್, ಫೆಂಟಾಸ್ಟಿಕ್ ಫೋರ್ ಎಲ್ಲ ಮನೆಗೆ ಬಂದರು.

ಹಾಗಂತ ಹಕ್ಕು ಕೈಯಲ್ಲಿದ್ದರೆ ಕತೆ ತಾನಾಗಿ ಹುಟ್ಟುವುದಿಲ್ಲ. ಸ್ಪೈಡರ್‌ಮ್ಯಾನ್ ಇಲ್ಲದೆ ಅವನ ಅಕ್ಕಪಕ್ಕದವರನ್ನೇ ಇಟ್ಟುಕೊಂಡು ಸೋನಿ ಕಟ್ಟಹೊರಟ ಯೂನಿವರ್ಸ್ ನೋಡಿ. 2018ರ ‘ವೆನಮ್’ ಓಡಿತು. ‘ಮೋರ್ಬಿಯಸ್’, ‘ಮೇಡಂ ವೆಬ್’, ‘ಕ್ರೇವನ್’ ಒಂದಾದ ಮೇಲೊಂದು ನೆಲಕಚ್ಚಿದವು. ಅದೇ ಸೋನಿಯ ಅನಿಮೇಷನ್ ವಿಭಾಗ ಮಾಡಿದ ‘ಸ್ಪೈಡರ್-ವರ್ಸ್’ ಚಿತ್ರಗಳಾದರೋ ಈ ಇಡೀ ಬಳಗದಲ್ಲೇ ನನಗೆ ಅತಿ ಪ್ರಿಯವಾದವು. ಮೊದಲನೆಯದಕ್ಕೆ ಆಸ್ಕರ್ ಬಂತು. 2023ರಲ್ಲಿ ಬಂದ ಎರಡನೆಯದು ಕನ್ನಡ ಸೇರಿ ಹತ್ತು ಭಾಷೆಗಳಲ್ಲಿ ಭಾರತದಲ್ಲಿ ತೆರೆಕಂಡಿತು. ಅದರ ಪವಿತ್ರ್ ಪ್ರಭಾಕರ್ 2004ರಲ್ಲಿ ಭಾರತದ ಓದುಗರಿಗೆಂದೇ ಹುಟ್ಟಿದ ಸ್ಪೈಡರ್‌ಮ್ಯಾನ್. ನೀವಿನ್ನೂ ನೋಡಿರದಿದ್ದರೆ ಕನ್ನಡದಲ್ಲೇ ನೋಡಿ.

ಇಷ್ಟು ಸಾವಿರ ಕೋಟಿಗಳ ಲೆಕ್ಕದಲ್ಲಿ ಗೆರೆ ಎಳೆದವರ ಪಾಲೆಷ್ಟು? ನನ್ನನ್ನು ಕಾಡುವುದು ಇದೇ. ಕ್ಯಾಪ್ಟನ್ ಅಮೆರಿಕಾ, ಹಲ್ಕ್, ಥಾರ್, ಎಕ್ಸ್-ಮೆನ್ ಇವರನ್ನೆಲ್ಲ ರೂಪಿಸುವಲ್ಲಿ ಕೈಯಿದ್ದ ಜ್ಯಾಕ್ ಕರ್ಬಿ ಮಾರ್ವೆಲ್‌ನಲ್ಲಿ ದುಡಿದದ್ದು ಪುಟಕ್ಕಿಷ್ಟು ಎಂಬ ಕೂಲಿಗೆ. ಅಲ್ಲಿ ಕಲಾವಿದರಿಗೆ ಕೊಡುತ್ತಿದ್ದ ಚೆಕ್ಕಿನ ಹಿಂಬದಿಯಲ್ಲೇ ಹಕ್ಕು ಬಿಟ್ಟುಕೊಡುವ ಒಕ್ಕಣೆ ಅಚ್ಚಾಗಿರುತ್ತಿತ್ತು. ಸಹಿ ಹಾಕದೆ ಚೆಕ್ಕು ನಗದಾಗದು, ಸಹಿ ಹಾಕಿದರೆ ಹಕ್ಕು ಹೋಯಿತು. ಕರ್ಬಿಯ ಮಕ್ಕಳು 2009ರಲ್ಲಿ 45 ನೋಟಿಸ್ ಕಳಿಸಿ ಹಕ್ಕು ಮರಳಿ ಕೇಳಿದರು, ಎರಡು ಕೋರ್ಟುಗಳಲ್ಲಿ ಸೋತರು. ಪ್ರಕರಣವನ್ನು ಕೈಗೆತ್ತಿಕೊಳ್ಳಬೇಕೇ ಎಂದು ಸುಪ್ರೀಂ ಕೋರ್ಟ್ ಪರಿಶೀಲಿಸಲಿದ್ದ ದಿನಗಳಲ್ಲೇ, 2014ರ ಸೆಪ್ಟೆಂಬರಿನಲ್ಲಿ, ಮಾರ್ವೆಲ್ ರಾಜಿ ಮಾಡಿಕೊಂಡಿತು. ಡಿಟ್ಕೊ ಕಡೆಯವರೂ 2021ರಲ್ಲಿ ನೋಟಿಸ್ ಕೊಟ್ಟು 2023ರಲ್ಲಿ ರಾಜಿಯಾದರು. ಷರತ್ತುಗಳೇನೆಂದು ಯಾರೂ ಹೊರಗೆ ಬಿಡಲಿಲ್ಲ.

ಎದುರು ಪಾಳೆಯದ ಡಿಸಿ ಇದರಲ್ಲಿ ಅಣ್ಣ. 1938ರಲ್ಲಿ ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ ಸೂಪರ್‌ಮ್ಯಾನ್‌ನನ್ನು 130 ಡಾಲರಿಗೆ ಬರೆದುಕೊಟ್ಟರು. ಆ ಮೊತ್ತ ನಮೂದಾಗಿದ್ದ ಹಳೆಯ ಚೆಕ್ಕಿನ ಕಾಗದವೇ 2012ರ ಹರಾಜಿನಲ್ಲಿ 1.6 ಲಕ್ಷ ಡಾಲರಿಗೆ ಹೋಯಿತು. ಕಾಗದಕ್ಕೆ ಬಂದ ಬೆಲೆ ಕೈಗೆ ಬರಲಿಲ್ಲ.

ಆದರೆ ಅಮೆರಿಕದ ಕಾನೂನಿನಲ್ಲಿ ಈ ಹಕ್ಕುಗಳಿಗೂ ಒಂದು ಕೊನೆಯಿದೆ: ಪ್ರಕಟವಾಗಿ 95 ವರ್ಷ. ಆ ಲೆಕ್ಕದಲ್ಲಿ ಸ್ಪೈಡರ್‌ಮ್ಯಾನ್‌ಗೆ 2058ರ ಜನವರಿಯವರೆಗೆ ಕಾಯಬೇಕು. ಸೂಪರ್‌ಮ್ಯಾನ್ 2034ರ ಜನವರಿಯಲ್ಲೇ ಅಲ್ಲಿ ಎಲ್ಲರವನಾಗುತ್ತಾನೆ. ಕತೆ ಕಟ್ಟುವ ಆಸೆ ನಿಮಗಿದೆ ಎಂದು ಬಲ್ಲೆ, ಅದಕ್ಕೇ ಒಂದು ಎಚ್ಚರಿಕೆ. ಹೊರಬರುವುದು 1938ರ ಸೂಪರ್‌ಮ್ಯಾನ್ ಮಾತ್ರ. ಆ ಮೊದಲ ಸಂಚಿಕೆಯಲ್ಲಿ ಅವನಿಗೆ ಹಾರಲು ಬರುತ್ತಿರಲಿಲ್ಲ, ಒಂದು ಮೈಲಿಯ ಎಂಟನೇ ಒಂದು ಭಾಗದಷ್ಟು ದೂರ ನೆಗೆಯುತ್ತಿದ್ದ, ಅಷ್ಟೇ. ಹಾರುವುದನ್ನು ಅವನು ಕಲಿತದ್ದು ಆಮೇಲೆ. ಹಾಗಾಗಿ ನಿಮ್ಮ ಕತೆಯಲ್ಲಿ ಮೊದಲ ಕೆಲವು ವರ್ಷ ಅವನನ್ನು ನೆಗೆಸುತ್ತಲೇ ಇರಿ.

ವಿಶ್ವಾಸವಿರಲಿ. ಬರೆಯುತ್ತಿರಿ.

ಇಂತಿ ನಿಮ್ಮವ