ಸೀಳಿದ್ದು ಬಣ್ಣವೋ, ಮರವೋ?

ನಮ್ಮ ಬ್ಯಾಂಡಿನ ಐದೂ ಜನ ಸ್ಟೈಪೆಂಡ್ ಕೂಡಿಸಿ ತರಿಸಿದ ಲಿಮಿಟೆಡ್ ಎಡಿಷನ್ ಎಲೆಕ್ಟ್ರಿಕ್ ಗಿಟಾರ್ ಅದು. ಎರಡನೇ ದಿನ ಟ್ಯೂಬ್‌ಲೈಟ್ ಕೆಳಗೆ ಓರೆ ಹಿಡಿದರೆ, ನೆಕ್ ಬಾಡಿಗೆ ಸೇರುವ ಮೂಲೆಯಲ್ಲಿ ಕೂದಲೆಳೆಯಂಥ ಎರಡು ಗೆರೆ! ಅಂಗಡಿಯವರು, "ನೈಟ್ರೋ ಫಿನಿಶ್ ಅಲ್ವಾ, ಹಾಗೇ ಇರುತ್ತೆ" ಅಂದುಬಿಟ್ಟರು.

ಮಾತು ಅರ್ಧ ನಿಜ. ನೈಟ್ರೋಸೆಲ್ಯುಲೋಸ್ ಲ್ಯಾಕರ್ ಅಂದ್ರೆ 1920ರ ದಶಕದಲ್ಲಿ ಕಾರುಗಳಿಗೆ ಬಳಿಯುತ್ತಿದ್ದ ಜಾತಿಯದೇ. ತೆಳು ಪದರ, ವರ್ಷ ಕಳೆದಂತೆ ಪೆಡಸಾಗುತ್ತೆ. ಮರ ತೇವಕ್ಕೆ ಉಬ್ಬುತ್ತೆ, ಒಣಹವೆಗೆ ಕುಗ್ಗುತ್ತೆ. ಅದರ ಜೊತೆ ಹಿಗ್ಗಲಾಗದ ಲ್ಯಾಕರ್ ಸೀಳುತ್ತೆ. ಚಳಿಯಿಂದ ಸೆಕೆಗೆ ದಿಢೀರ್ ತಂದರೂ ಅಷ್ಟೇ. ಹಳೇ ಗಿಟಾರಿನಲ್ಲಿ ಈ ಗೆರೆಗಳೇ ಚೆಂದ ಅನ್ನೋರಿದ್ದಾರೆ. ಆದರೆ ಹೊಸದರಲ್ಲಿ?

ಆರು ತಂತಿ ಸೇರಿ ಸುಮಾರು 40 ಕೆಜಿ ಎಳೆತ ತಡೆಯುವ ಜಾಗ ಅದು. ಸೀಳಿದ್ದು ಮರವಾದರೆ ಗಿಟಾರ್ ಕಥೆ ಮುಗೀತು. ಸ್ಕೇಲ್ ಇಟ್ಟು ಫೋಟೋ ತೆಗೆದೆವು. ತಂತಿ ಸಡಿಲಿಸಿ, ಮತ್ತೆ ಬಿಗಿದು ನೋಡಿದೆವು. ಗೆರೆ ಅಗಲವಾಗಲಿಲ್ಲ. ನಮ್ಮ ಮೆಕ್ಯಾನಿಕಲ್ ಗೆಳೆಯ ಸ್ಕ್ರೂಡ್ರೈವರ್ ಹಿಡಿದು ರೆಡಿಯಾಗಿದ್ದ (ಅವನು ಯಾವಾಗಲೂ ರೆಡಿ). ವಾರಂಟಿ ನೆನಪಿಸಿ ಕೂರಿಸಿದೆವು. ಅಂಗಡಿಯಲ್ಲೇ, ನಮ್ಮೆದುರೇ ನೆಕ್ ಬಿಚ್ಚಿಸಿದಾಗ ಒಳಗಿನ ಮರದಲ್ಲಿ ಗೆರೆಯೇ ಇಲ್ಲ. ನೆಕ್ ತೀರಾ ಬಿಗಿಯಾಗಿ ಕೂತು ಮೂಲೆಯ ಲ್ಯಾಕರನ್ನು ಒತ್ತಿತ್ತು.

ಬದಲಿ ಪೀಸ್ ಸಿಗಲ್ಲ, ಲಿಮಿಟೆಡ್ ಎಡಿಷನ್ ತಾನೇ. ವಾಪಸ್ ಕೊಡಿ, ಇಲ್ಲಾ ಬೆಲೆ ಕಡಿತ ತಗೊಳ್ಳಿ ಅಂದರು. ಕಡಿತಕ್ಕೆ ಒಪ್ಪಿದೆವು, ಗೆರೆ ಬೆಳೆದರೆ ವಾರಂಟಿ ಉಂಟು ಅಂತ ಬಿಲ್ ಮೇಲೆ ಬರೆಸಿಕೊಂಡೇ ಹೊರಟೆವು.